ರೂಪವೂ ಗುಣವೂ: ಇಲೇನ್ ಹ್ಯಾಟ್‌ಫೀಲ್ಡ್ ಅವರ ಸಂಶೋಧನೆಗಳ ವಿಮರ್ಶೆ

೧

ರೂಪಕ್ಕೂ ಗುಣಕ್ಕೂ ಸಂಬಂಧವುಂಟೆಂಬ ನಂಬಿಕೆ ಬಹು ಪುರಾತನವಾದುದು. ರೂಪವಿದ್ದಲ್ಲಿ ಗುಣವೂ ನೆಲೆಸಿರುತ್ತದೆ ಎಂಬ ಅಭಿಪ್ರಾಯವು ಸಂಸ್ಕೃತದಲ್ಲಿ ನಾಣ್ನುಡಿಯಾಗಿಯೇ ನಿಂತಿದೆ. ಮುಖ ನೋಡಿ ಮಣೆ ಹಾಕುವುದನ್ನು ಕನ್ನಡಿಗರು ಆಕ್ಷೇಪಿಸುತ್ತಾರೆ. ಆಕ್ಷೇಪಿಸುವವರೇ ಹಾಗೆ ಮಾಡುವುದೂ ಉಂಟು. ನಮ್ಮ ಶಾಸನಗಳ ಪ್ರಶಸ್ತಿಭಾಗಗಳಲ್ಲಿ ಪ್ರಭುವು ದಾನದಲ್ಲಿ ಕರ್ಣನಾಗುವಂತೆ ರೂಪಿನಲ್ಲಿ ಮನ್ಮಥನೂ ಆಗುತ್ತಾನೆ. ಇತಿಹಾಸದ ವಿದ್ಯಾರ್ಥಿಯು ಇದನ್ನು ವರ್ಣನೆಯ ರೂಢಿಯೆಂದು ತಿಳಿದು, ದತ್ತಿಯ ವಿವರವನ್ನೂ ಕಾಲವನ್ನೂ ಹುಡುಕಿಕೊಂಡು ಮುಂದೆ ಸಾಗುತ್ತಾನೆ. ರೂಢಿಯೆಂದು ಹೆಸರಿಟ್ಟ ಮಾತ್ರಕ್ಕೆ ವಿಷಯವು ಮುಗಿಯುವುದಿಲ್ಲ. ಗುಣವಂತನನ್ನು ರೂಪವಂತನೆಂದೂ, ರೂಪವಂತನನ್ನು ಗುಣವಂತನೆಂದೂ ಕಾಣುವ ಈ ಅಭ್ಯಾಸವು ಸಾಮಾನ್ಯ ಜನರ ದಿನನಿತ್ಯದ ನಿರ್ಣಯಗಳಲ್ಲಿ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ?

ಈ ಪ್ರಶ್ನೆಯನ್ನು ಎಣಿಕೆಗೂ ಪ್ರಯೋಗಕ್ಕೂ ಒಳಪಡಿಸಿದ ಮೊದಲಿಗರಲ್ಲಿ ಅಮೆರಿಕದ ಸಾಮಾಜಿಕ ಮನಶ್ಶಾಸ್ತ್ರಜ್ಞೆ ಇಲೇನ್ ಹ್ಯಾಟ್‌ಫೀಲ್ಡ್ ಅವರದು ಪ್ರಮುಖವಾದ ಹೆಸರು. ೧೯೬೬ರಿಂದ ಆರಂಭವಾಗಿ ಹಲವು ದಶಕಗಳವರೆಗೆ ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಅಧ್ಯಯನಗಳು ಇಂದು ಮನಶ್ಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದಿವೆ. ಆ ಅಧ್ಯಯನಗಳನ್ನು ಇತಿಹಾಸಕಾರನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಂಶೋಧನೆಗಳು ಚೆಲುವಿನ ವಿಚಾರದಲ್ಲಿ ತಿಳಿಸುವುದಕ್ಕಿಂತ ಹೆಚ್ಚಾಗಿ ಚೆಲುವನ್ನು ನೋಡುವವರ ವಿಚಾರದಲ್ಲಿ ತಿಳಿಸುತ್ತವೆ. ಅವುಗಳ ಬೆಲೆ ಇರುವುದು ಅಲ್ಲಿ. ಅವುಗಳನ್ನು ಮನುಷ್ಯಸ್ವಭಾವದ ಶಾಶ್ವತ ನಿಯಮಗಳೆಂದು ಓದುವವರು ಅವುಗಳ ಮೇಲೆ ಹೊರಲಾರದ ಭಾರವನ್ನು ಹೊರಿಸುತ್ತಾರೆ.

೨

ಹ್ಯಾಟ್‌ಫೀಲ್ಡ್ ಅವರು ಹುಟ್ಟಿದ್ದು ೧೯೩೭ರಲ್ಲಿ, ಡೆಟ್ರಾಯಿಟ್ ನಗರದಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪದವಿಯನ್ನು ಪಡೆದು, ಸ್ಟ್ಯಾನ್‌ಫರ್ಡ್‌ನಲ್ಲಿ ೧೯೬೩ರಲ್ಲಿ ಡಾಕ್ಟರೇಟನ್ನು ಮುಗಿಸಿದರು. ಲಿಯಾನ್ ಫೆಸ್ಟಿಂಗರ್ ಅವರಂಥ ಪ್ರಸಿದ್ಧ ವಿದ್ವಾಂಸರ ಬಳಿ ಕಲಿತಿದ್ದರೂ ದೊಡ್ಡ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ವಿಭಾಗಗಳಲ್ಲಿ ಅವರಿಗೆ ಸುಲಭವಾಗಿ ಸ್ಥಾನ ದೊರೆಯಲಿಲ್ಲ. ಆ ಕಾಲದಲ್ಲಿ ಅಂಥ ವಿಭಾಗಗಳು ಮಹಿಳೆಯರನ್ನು ನೇಮಿಸಿಕೊಳ್ಳುತ್ತಿದ್ದುದೇ ವಿರಳ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಅವರಿಗೆ ದೊರೆತದ್ದು ವಿದ್ಯಾರ್ಥಿ ಚಟುವಟಿಕೆಗಳ ಕಚೇರಿಯಲ್ಲಿ ಕೆಲಸ. ವಿದ್ಯಾರ್ಥಿಗಳಿಗಾಗಿ ನೃತ್ಯಕೂಟಗಳನ್ನು ಏರ್ಪಡಿಸುವುದು ಆ ಕಚೇರಿಯ ಕರ್ತವ್ಯಗಳಲ್ಲಿ ಒಂದು. ಆಗ ಅವರು ವಾಲ್‌ಸ್ಟರ್ ಎಂಬ ಹೆಸರಿನಿಂದ ಬರೆಯುತ್ತಿದ್ದರು.

ಈ ವಿವರವನ್ನು ನಾವು ಕೇವಲ ಜೀವನಚರಿತ್ರೆಯ ಕುತೂಹಲಕ್ಕಾಗಿ ಎತ್ತಿಕೊಂಡಿಲ್ಲ. ಮುಂದೆ ಪ್ರಸಿದ್ಧವಾದ ಪ್ರಯೋಗವು ನಡೆದುದು ಪ್ರಯೋಗಶಾಲೆಯಲ್ಲಲ್ಲ, ಅಂಥದೊಂದು ನೃತ್ಯಕೂಟದಲ್ಲಿ. ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಸ್ವಾಗತಸಪ್ತಾಹದಲ್ಲಿ ಏರ್ಪಟ್ಟ ಕೂಟಕ್ಕೆ ಬಂದ ೭೫೨ ಮಂದಿ ಯುವಕ ಯುವತಿಯರಿಗೆ, ಅವರ ಅಭಿರುಚಿಗಳನ್ನು ಗಮನಿಸಿ ಗಣಕಯಂತ್ರವು ತಕ್ಕ ಜೊತೆಯನ್ನು ಆರಿಸುವುದೆಂದು ತಿಳಿಸಲಾಗಿತ್ತು. ವಾಸ್ತವದಲ್ಲಿ ಜೊತೆಗಳನ್ನು ಚೀಟಿಯೆತ್ತಿದಂತೆ ಕೂಡಿಸಲಾಗಿತ್ತು. ಹುಡುಗಿಗಿಂತ ಹುಡುಗನು ಎತ್ತರವಾಗಿರಬೇಕೆಂಬ ಒಂದು ಷರತ್ತನ್ನು ಮಾತ್ರ ಪಾಲಿಸಲಾಗಿತ್ತು. ಟಿಕೆಟ್ ಕೊಳ್ಳಲು ಬಂದವರನ್ನು ನಾಲ್ವರು ವಿದ್ಯಾರ್ಥಿಗಳು ಗುಟ್ಟಾಗಿ ನೋಡಿ, ಪ್ರತಿಯೊಬ್ಬರ ಚೆಲುವಿಗೂ ಅಂಕಗಳನ್ನು ಗುರುತುಮಾಡಿಕೊಂಡಿದ್ದರು. ವ್ಯಕ್ತಿತ್ವ ಪರೀಕ್ಷೆಗಳ ಫಲಿತಾಂಶಗಳೂ ಶೈಕ್ಷಣಿಕ ಸಾಮರ್ಥ್ಯದ ಅಂಕಗಳೂ ಸಂಶೋಧಕರ ಬಳಿ ಇದ್ದವು. ಜೊತೆಗಾರರೊಡನೆ ಸುಮಾರು ಎರಡೂವರೆ ಗಂಟೆಯನ್ನು ಕಳೆದ ತರುವಾಯ, ನಿಮ್ಮ ಜೊತೆಗಾರರು ನಿಮಗೆ ಎಷ್ಟು ಮೆಚ್ಚುಗೆಯಾದರು, ಅವರನ್ನು ಮತ್ತೆ ಭೇಟಿಯಾಗಲು ಬಯಸುವಿರಾ ಎಂದು ಪ್ರತಿಯೊಬ್ಬರನ್ನೂ ಕೇಳಲಾಯಿತು.

ಪ್ರಯೋಗಕ್ಕೆ ಮೊದಲು ಸಂಶೋಧಕರು ಇಟ್ಟುಕೊಂಡಿದ್ದ ಊಹೆ ಬೇರೆಯದಾಗಿತ್ತು. ಮನುಷ್ಯನು ತನ್ನ ಶಕ್ತಿಗೆ ನಿಲುಕುವುದನ್ನೇ ಬಯಸುತ್ತಾನೆ ಎಂದು ಕುರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ೧೯೪೪ರಲ್ಲಿ ಪ್ರತಿಪಾದಿಸಿದ್ದರು. ಅದರಂತೆ, ಸಾಧಾರಣ ರೂಪಿನವರು ಸಾಧಾರಣ ರೂಪಿನವರನ್ನೂ, ಚೆಲುವರು ಚೆಲುವರನ್ನೂ ಮೆಚ್ಚಬೇಕಾಗಿತ್ತು. ಫಲಿತಾಂಶವು ಹಾಗೆ ಬರಲಿಲ್ಲ. ತಮ್ಮ ರೂಪವು ಎಂಥದೇ ಆಗಿರಲಿ, ಎಲ್ಲರೂ ಹೆಚ್ಚು ಚೆಲುವಾದ ಜೊತೆಗಾರರನ್ನೇ ಹೆಚ್ಚಾಗಿ ಮೆಚ್ಚಿದರು. ಬುದ್ಧಿಶಕ್ತಿಯಾಗಲಿ ವ್ಯಕ್ತಿತ್ವದ ಗುಣಗಳಾಗಲಿ ಮೆಚ್ಚುಗೆಯನ್ನು ನಿರ್ಧರಿಸಿದಂತೆ ಕಾಣಲಿಲ್ಲ. ಕೆಲವು ತಿಂಗಳ ಅನಂತರ ವಿಚಾರಿಸಿದಾಗ, ಯುವಕರು ಮತ್ತೆ ಭೇಟಿಗೆ ಕರೆದದ್ದೂ ಇದೇ ಮಾನದಂಡವನ್ನು ಅನುಸರಿಸಿತ್ತು.

ಇಲ್ಲಿ ಸಂಶೋಧಕರಿಗೆ ಸಲ್ಲಬೇಕಾದ ಮೊದಲ ಪ್ರಶಂಸೆ ಸಲ್ಲಲಿ. ಅವರು ತಮ್ಮ ಊಹೆಯು ಬಿದ್ದುಹೋದುದನ್ನು ಮುಚ್ಚಿಡದೆ ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲದೆ, ೧೯೭೧ರಲ್ಲಿ ಬರ್ಶೈಡ್, ಡಿಯಾನ್ ಮೊದಲಾದವರೊಡನೆ ಹ್ಯಾಟ್‌ಫೀಲ್ಡ್ ಅವರು ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಜೊತೆಗಾರರನ್ನು ಯಂತ್ರವು ಒದಗಿಸದೆ ತಾವೇ ಆರಿಸಬೇಕಾದಾಗ, ತಮ್ಮ ತಮ್ಮ ರೂಪಕ್ಕೆ ಹೊಂದುವವರನ್ನು ಆರಿಸುವ ಒಲವು ಸ್ವಲ್ಪಮಟ್ಟಿಗೆ ಕಂಡುಬಂದಿತು. ಎಂದರೆ, ಮೆಚ್ಚುವುದು ಒಂದು, ಆರಿಸುವುದು ಮತ್ತೊಂದು. ನಡತೆಯು ಸಂದರ್ಭವನ್ನು ಅನುಸರಿಸಿ ಬದಲಾಗುತ್ತದೆ ಎಂಬ ಈ ಸುಳಿವನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ವಾದಕ್ಕೆ ಅದು ಆಧಾರ.

೩

ನೃತ್ಯಕೂಟದ ಪ್ರಯೋಗವು ತೋರಿಸಿದ್ದು ಚೆಲುವಿನ ಆಕರ್ಷಣೆಯನ್ನು. ಅದಕ್ಕಿಂತ ಗಂಭೀರವಾದುದು ಚೆಲುವಿನಿಂದ ಜನರು ಮಾಡಿಕೊಳ್ಳುವ ಅನುಮಾನ. ಕ್ಯಾರನ್ ಡಿಯಾನ್, ಎಲೆನ್ ಬರ್ಶೈಡ್ ಮತ್ತು ಹ್ಯಾಟ್‌ಫೀಲ್ಡ್ ಅವರು ೧೯೭೨ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ 'ಸುಂದರವಾದುದು ಒಳ್ಳೆಯದು' ಎಂಬರ್ಥದ್ದು. ಮಿನೆಸೋಟದ ೬೦ ಮಂದಿ ವಿದ್ಯಾರ್ಥಿಗಳಿಗೆ, ಅವರಲ್ಲಿ ೩೦ ಮಂದಿ ಹುಡುಗರು, ೩೦ ಮಂದಿ ಹುಡುಗಿಯರು, ಮೂರು ಮೂರು ಭಾವಚಿತ್ರಗಳನ್ನು ಕೊಡಲಾಯಿತು: ಒಂದು ಚೆಲುವಾದ ಮುಖ, ಒಂದು ಸಾಧಾರಣ ಮುಖ, ಮತ್ತೊಂದು ಚೆಲುವಲ್ಲದ ಮುಖ. ಈ ಅಪರಿಚಿತರ ಸ್ವಭಾವವನ್ನೂ ಮುಂದಿನ ಬಾಳನ್ನೂ ಊಹಿಸಿ ಎಂದು ಕೇಳಲಾಯಿತು. ಚೆಲುವಾದ ಮುಖದವರಿಗೆ ಒಳ್ಳೆಯ ಸ್ವಭಾವವೂ, ಗೌರವದ ಉದ್ಯೋಗವೂ, ಸುಖವಾದ ದಾಂಪತ್ಯವೂ ದೊರೆಯುವುದೆಂದು ವಿದ್ಯಾರ್ಥಿಗಳು ಬಗೆದರು. ಒಳ್ಳೆಯ ತಾಯಿತಂದೆಗಳಾಗುವ ವಿಚಾರದಲ್ಲಿ ಮಾತ್ರ ಚೆಲುವರಿಗೆ ಯಾವ ಹೆಚ್ಚುಗಾರಿಕೆಯನ್ನೂ ಕೊಡಲಿಲ್ಲ.

ಭಾವಚಿತ್ರದಲ್ಲಿದ್ದವರು ನಿಜವಾಗಿ ಎಂಥವರು ಎಂಬುದನ್ನು ಈ ಅಧ್ಯಯನವು ಕೇಳಲೇ ಇಲ್ಲ. ಅದು ಅಳೆದದ್ದು ನೋಡುವವರ ನಿರೀಕ್ಷೆಯನ್ನು. ಈ ಮಿತಿಯೇ ಅದರ ಬಲ. ಚೆಲುವು ಎಂಬುದು ಮುಖದಲ್ಲಿರುವ ಒಂದು ಗುಣವೆಂದು ತಿಳಿದಿದ್ದ ಚರ್ಚೆಯು ಇಲ್ಲಿಂದ ಮುಂದೆ ಚೆಲುವನ್ನು ಕಂಡಾಗ ಸಮಾಜವು ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆಯ ಕಡೆಗೆ ತಿರುಗಿತು.

ಈ ತಿರುವಿನ ಫಲವಾಗಿ ಬಂದ ಮೂರು ಅಧ್ಯಯನಗಳನ್ನು ಹೆಸರಿಸಬೇಕು. ಮಾರ್ಗರೆಟ್ ಕ್ಲಿಫರ್ಡ್ ಅವರೊಡನೆ ಹ್ಯಾಟ್‌ಫೀಲ್ಡ್ ಅವರು ೧೯೭೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿಸ್ಸೂರಿ ರಾಜ್ಯದ ಐದನೆಯ ತರಗತಿಯ ಉಪಾಧ್ಯಾಯರಿಗೆ ಒಂದೇ ಬಗೆಯ ಪ್ರಗತಿಪತ್ರವನ್ನು ಕಳುಹಿಸಿ, ಅದರ ಮೇಲೆ ಬೇರೆ ಬೇರೆ ಮಕ್ಕಳ ಭಾವಚಿತ್ರಗಳನ್ನು ಅಂಟಿಸಲಾಗಿತ್ತು. ಅಂಕಗಳು ಒಂದೇ ಆಗಿದ್ದರೂ, ಚೆಲುವಾದ ಮಗುವು ಹೆಚ್ಚು ಬುದ್ಧಿಶಾಲಿಯೆಂದೂ, ಅದರ ತಾಯಿತಂದೆಗಳಿಗೆ ವಿದ್ಯೆಯಲ್ಲಿ ಹೆಚ್ಚು ಆಸಕ್ತಿಯುಂಟೆಂದೂ ಉಪಾಧ್ಯಾಯರು ಭಾವಿಸಿದರು. ಡೇವಿಡ್ ಲ್ಯಾಂಡಿ ಮತ್ತು ಹೆರಾಲ್ಡ್ ಸಿಗಾಲ್ ಅವರು ೧೯೭೪ರಲ್ಲಿ ಪ್ರಬಂಧಗಳ ಮೌಲ್ಯಮಾಪನವನ್ನು ಪರೀಕ್ಷಿಸಿದರು. ಬರೆದವಳೆಂದು ತೋರಿಸಿದ ಯುವತಿಯ ಭಾವಚಿತ್ರವು ಚೆಲುವಾಗಿದ್ದಾಗ ಅದೇ ಪ್ರಬಂಧಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು. ಪ್ರಬಂಧವು ಕಳಪೆಯಾಗಿದ್ದಾಗ ಈ ವ್ಯತ್ಯಾಸವು ಇನ್ನೂ ದೊಡ್ಡದಾಯಿತು.

ಮೂರನೆಯದು ಮಾರ್ಕ್ ಸ್ನೈಡರ್, ಎಲಿಜಬೆತ್ ಟ್ಯಾಂಕಿ ಮತ್ತು ಬರ್ಶೈಡ್ ಅವರದು, ೧೯೭೭ರಲ್ಲಿ ಪ್ರಕಟವಾದುದು. ೫೧ ಮಂದಿ ಯುವಕರು ೫೧ ಮಂದಿ ಅಪರಿಚಿತ ಯುವತಿಯರೊಡನೆ ದೂರವಾಣಿಯಲ್ಲಿ ಸಂಭಾಷಿಸಿದರು. ಪ್ರತಿ ಯುವಕನಿಗೂ ಒಂದು ಭಾವಚಿತ್ರವನ್ನು ಕೊಟ್ಟು ಇವಳೇ ಮಾತನಾಡುವವಳೆಂದು ಹೇಳಲಾಗಿತ್ತು. ಆದರೆ ಚಿತ್ರವು ಅವಳದಾಗಿರಲಿಲ್ಲ. ಆ ಯುವತಿಗೆ ಈ ಸಂಗತಿಯೇ ತಿಳಿದಿರಲಿಲ್ಲ. ಅನಂತರ, ಏನನ್ನೂ ಅರಿಯದ ತೀರ್ಪುಗಾರರು ಯುವತಿಯ ಮಾತುಗಳನ್ನು ಮಾತ್ರ ಕೇಳಿದರು. ಚೆಲುವೆಯೆಂದು ಭಾವಿಸಲ್ಪಟ್ಟ ಯುವತಿಯರು ನಿಜವಾಗಿಯೂ ಹೆಚ್ಚು ಸ್ನೇಹಪರರಾಗಿ, ಹೆಚ್ಚು ಸಲೀಸಾಗಿ ಮಾತನಾಡಿದ್ದರು! ಯುವಕನ ನಿರೀಕ್ಷೆಯು ಅವನ ದನಿಯಲ್ಲಿ ಬೆಚ್ಚಗಿನ ಭಾವವನ್ನು ತಂದಿತು. ಆ ದನಿಗೆ ಯುವತಿಯು ಅದೇ ಭಾವದಿಂದ ಓಗೊಟ್ಟಳು. ಸುಳ್ಳಾದ ಒಂದು ಪೂರ್ವಾಭಿಪ್ರಾಯವು ಹತ್ತೇ ನಿಮಿಷಗಳ ಮಾತುಕತೆಯಲ್ಲಿ ತನ್ನನ್ನು ತಾನು ನಿಜಮಾಡಿಕೊಂಡಿತು.

ಈ ಇಡೀ ಪರಂಪರೆಯಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಇದೇ ಪ್ರಯೋಗ. ಇದು ಚೆಲುವಿಗೆ ಮಾತ್ರ ಸೀಮಿತವಾದುದಲ್ಲ. ಒಂದು ವರ್ಗವನ್ನು ಮಂದಬುದ್ಧಿಯದೆಂದೋ ಒಂದು ಜನಾಂಗವನ್ನು ಹೇಡಿಯೆಂದೋ ಬಗೆದ ಆಡಳಿತಗಾರರ ವರದಿಗಳನ್ನು ಓದುವ ಇತಿಹಾಸಕಾರನಿಗೆ, ಆ ವರದಿಗಳು ಕಂಡದ್ದನ್ನು ಹೇಳುತ್ತವೆಯೋ, ತಾವೇ ಉಂಟುಮಾಡಿದ್ದನ್ನು ಹೇಳುತ್ತವೆಯೋ ಎಂಬ ಸಂದೇಹವು ಸದಾ ಇರಬೇಕು.

೪

ಇನ್ನು ಆಕ್ಷೇಪಗಳ ಕಡೆಗೆ ಬರೋಣ. ಮೊದಲನೆಯದು ಪರಿಮಾಣಕ್ಕೆ ಸಂಬಂಧಿಸಿದ್ದು. 'ಸುಂದರವಾದುದು ಒಳ್ಳೆಯದು' ಎಂಬ ಶೀರ್ಷಿಕೆಯು ಸುಲಭವಾಗಿ ನೆನಪಿನಲ್ಲಿ ಉಳಿಯುವಂಥದು. ಸುಲಭವಾಗಿ ಉಳಿಯುವ ಮಾತುಗಳು ತಮ್ಮ ಆಧಾರಗಳಿಗಿಂತ ದೊಡ್ಡದಾಗಿ ಬೆಳೆಯುತ್ತವೆ. ಆಲಿಸ್ ಈಗ್ಲಿ ಮತ್ತು ಅವರ ಸಹೋದ್ಯೋಗಿಗಳು ೧೯೯೧ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಚೆಲುವರು ಜನರೊಡನೆ ಬೆರೆಯುವುದರಲ್ಲಿ ಜಾಣರು ಎಂಬ ನಿರೀಕ್ಷೆಯು ಬಲವಾಗಿಯೇ ಕಂಡಿತು. ಬುದ್ಧಿವಂತರು ಎಂಬ ನಿರೀಕ್ಷೆಯು ಅದಕ್ಕಿಂತ ಕಡಿಮೆ ಬಲವುಳ್ಳದ್ದಾಗಿತ್ತು. ಪ್ರಾಮಾಣಿಕರು, ಪರರ ಹಿತವನ್ನು ಬಯಸುವವರು ಎಂಬ ನಿರೀಕ್ಷೆಯಾದರೋ ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು. 'ಒಳ್ಳೆಯದು' ಎಂಬ ಪದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಅರ್ಥವು ಪ್ರಾಮಾಣಿಕತೆಯೂ ಪರಹಿತವೂ ಅಲ್ಲವೆ? ಹಾಗಾದರೆ ಶೀರ್ಷಿಕೆಯ ಮುಖ್ಯಪದವೇ ಸಡಿಲವಾಯಿತೆನ್ನಬೇಕು. ೧೯೭೫ರಲ್ಲಿಯೇ ಡರ್ಮರ್ ಮತ್ತು ಥೀಲ್ ಎಂಬವರು, ಚೆಲುವೆಯರನ್ನು ಜಂಭದವರೆಂದೂ ಸ್ವಾರ್ಥಿಗಳೆಂದೂ ಜನರು ಶಂಕಿಸುವುದನ್ನು ತೋರಿಸಿದ್ದರು.

ಎರಡನೆಯದು ನಿಜಸ್ಥಿತಿಗೆ ಸಂಬಂಧಿಸಿದ್ದು. ಆಲನ್ ಫೈನ್‌ಗೋಲ್ಡ್ ಅವರು ೧೯೯೨ರಲ್ಲಿ, ಚೆಲುವರು ನಿಜವಾಗಿ ಬೇರೆಯವರಿಗಿಂತ ಭಿನ್ನರೋ ಎಂದು ವಿಚಾರಿಸಿದರು. ಚೆಲುವರಲ್ಲಿ ಒಂಟಿತನದ ಭಾವವೂ ಜನರ ನಡುವಿನ ಅಳುಕೂ ಕಡಿಮೆ. ಬೆರೆಯುವ ಚಾತುರ್ಯವೂ ಜನಪ್ರಿಯತೆಯೂ ಸ್ವಲ್ಪ ಹೆಚ್ಚು. ಬುದ್ಧಿಶಕ್ತಿಯಲ್ಲಾಗಲಿ ವ್ಯಕ್ತಿತ್ವದ ಇತರ ಮೂಲಗುಣಗಳಲ್ಲಾಗಲಿ ಗಣನೀಯವಾದ ವ್ಯತ್ಯಾಸವಿಲ್ಲ. ದೂರವಾಣಿಯ ಪ್ರಯೋಗವನ್ನು ನೆನಪಿಸಿಕೊಂಡರೆ ಈ ಫಲಿತಾಂಶವು ಅರ್ಥವಾಗುತ್ತದೆ. ಹುಟ್ಟಿದಂದಿನಿಂದ ನಗುಮುಖದಿಂದ ಮಾತನಾಡಿಸಲ್ಪಟ್ಟವರು ನಗುಮುಖದಿಂದ ಮಾತನಾಡಲು ಕಲಿತರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮೂರನೆಯದು ಕಾಲಾವಧಿಗೆ ಸಂಬಂಧಿಸಿದ್ದು. ಎರಡೂವರೆ ಗಂಟೆಯ ಕುಣಿತವು ಒಬ್ಬರ ಗುಣವನ್ನು ಅರಿಯಲು ಸಾಲದು. ಗದ್ದಲದ ನಡುವೆ ಬುದ್ಧಿಗೂ ಸ್ವಭಾವಕ್ಕೂ ಬೆಳಗಲು ಅವಕಾಶವೇ ಇರಲಿಲ್ಲ. ಈ ದೃಷ್ಟಿಯಿಂದ ೨೦೧೫ರಲ್ಲಿ ಹಂಟ್, ಈಸ್ಟ್‌ವಿಕ್ ಮತ್ತು ಫಿಂಕೆಲ್ ಅವರು ೧೬೭ ಜೋಡಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನವು ಗಮನಾರ್ಹ. ಪರಿಚಯವಾದ ಸ್ವಲ್ಪ ಕಾಲದಲ್ಲಿಯೇ ಕೂಡಿದ ಜೋಡಿಗಳಲ್ಲಿ ಇಬ್ಬರ ಚೆಲುವೂ ಒಂದಕ್ಕೊಂದು ಸರಿದೂಗುತ್ತಿತ್ತು. ಬಹುಕಾಲ ಬಲ್ಲವರಾಗಿದ್ದು ಅನಂತರ ಕೂಡಿದವರಲ್ಲಿ ಆ ಹೊಂದಿಕೆಯು ಕಡಿಮೆಯಾಗಿತ್ತು. ಪರಿಚಯವು ಕಣ್ಣಿನ ತೀರ್ಪನ್ನು ತಿದ್ದುತ್ತದೆ ಎಂಬ ಸಾಮಾನ್ಯ ಅನುಭವಕ್ಕೆ ಇದು ಪೋಷಕ.

ಆದರೆ ನ್ಯಾಯವನ್ನು ಬಿಡಬಾರದು. ಜುಡಿತ್ ಲ್ಯಾಂಗ್ಲ್ವಾ ಮತ್ತು ಅವರ ಸಂಗಡಿಗರು ೨೦೦೦ದಲ್ಲಿ ನಡೆಸಿದ ವಿಸ್ತಾರವಾದ ಸಮೀಕ್ಷೆಯು, ತಮಗೆ ಪರಿಚಯವಿದ್ದವರನ್ನು ಕೂಡ ಜನರು ರೂಪವನ್ನು ಅನುಸರಿಸಿ ಬೇರೆ ಬೇರೆಯಾಗಿ ನಡೆಸಿಕೊಳ್ಳುತ್ತಾರೆಂದು ತೋರಿಸಿತು. ಯಾರು ಚೆಲುವರು ಎಂಬುದರಲ್ಲಿ ಒಂದು ಸಂಸ್ಕೃತಿಯವರಿಗೂ ಮತ್ತೊಂದು ಸಂಸ್ಕೃತಿಯವರಿಗೂ ನಾವು ಭಾವಿಸುವುದಕ್ಕಿಂತ ಹೆಚ್ಚಿನ ಸಹಮತವುಂಟೆಂಬುದನ್ನೂ ಅದು ತೋರಿಸಿತು. ಚೆಲುವೆಂಬುದು ಕಾಲದೇಶಗಳ ಕಲ್ಪನೆ ಮಾತ್ರ ಎಂದು ಹೇಳಿ ಇತಿಹಾಸಕಾರನು ಈ ಸಾಕ್ಷ್ಯದಿಂದ ನುಣುಚಿಕೊಳ್ಳುವಂತಿಲ್ಲ.

೫

ಹಾಗಿದ್ದರೆ ಕಾಲದೇಶಗಳಿಗೆ ಇಲ್ಲಿ ಯಾವ ಸ್ಥಾನ? ನಮ್ಮ ಮುಖ್ಯವಾದ ವಾದವು ಇಲ್ಲಿಯೇ ಇದೆ. ಯಾರು ಚೆಲುವರು ಎಂಬುದು ಒಂದು ಪ್ರಶ್ನೆ. ಚೆಲುವಿನಿಂದ ಏನನ್ನು ಊಹಿಸಬೇಕು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದರಲ್ಲಿ ಸಹಮತವಿರಬಹುದು. ಎರಡನೆಯದನ್ನು ನಿರ್ಧರಿಸುವುದು ಸಮಾಜ.

ಎರಡು ನಿದರ್ಶನಗಳನ್ನು ಕೊಡಬಹುದು. ಲ್ಯಾಡ್ ವೀಲರ್ ಮತ್ತು ಯಂಗ್‌ಮೀ ಕಿಮ್ ಅವರು ೧೯೯೭ರಲ್ಲಿ ಕೊರಿಯದ ವಿದ್ಯಾರ್ಥಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಚೆಲುವರ ಮೇಲೆ ಅಲ್ಲಿಯವರು ಆರೋಪಿಸಿದ ಗುಣಗಳಲ್ಲಿ ಪ್ರಾಮಾಣಿಕತೆಯೂ ಪರರ ಹಿತಚಿಂತನೆಯೂ ಸೇರಿದ್ದವು. ಈಗ್ಲಿಯವರ ಸಮೀಕ್ಷೆಯಲ್ಲಿ ಕ್ಷೀಣವಾಗಿದ್ದ ಗುಣಗಳೇ ಇವು ಎಂಬುದನ್ನು ವಾಚಕರು ಗಮನಿಸಬೇಕು. ಯಾವ ಸಮಾಜವು ಯಾವ ಗುಣವನ್ನು ಹೆಚ್ಚಾಗಿ ಗೌರವಿಸುತ್ತದೆಯೋ ಆ ಗುಣವನ್ನು ಚೆಲುವಾದ ಮುಖದಲ್ಲಿ ಕಾಣುತ್ತದೆ. ಮುಖವು ಕನ್ನಡಿಯಂತೆ; ಅದರಲ್ಲಿ ಸಮಾಜವು ತನ್ನ ಆದರ್ಶವನ್ನೇ ಓದಿಕೊಳ್ಳುತ್ತದೆ. ನಮ್ಮ ಶಾಸನಕವಿಯು ದಾನವನ್ನೂ ಶೌರ್ಯವನ್ನೂ ರೂಪವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಈ ಬೆಳಕಿನಲ್ಲಿ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಆ ಕಾಲವು ಯಾವ ಗುಣಗಳನ್ನು ಒಂದು ಗುಂಪಾಗಿ ಎಣಿಸುತ್ತಿತ್ತು ಎಂಬುದಕ್ಕೆ ಅದು ಸಾಕ್ಷ್ಯ.

ಎರಡನೆಯ ನಿದರ್ಶನವು ಸ್ಟೆಫನಿ ಆಂಡರ್‌ಸನ್, ಗ್ಲೆನ್ ಆಡಮ್ಸ್ ಮತ್ತು ವಿಕ್ಟೋರಿಯ ಪ್ಲಾಟ್ ಅವರ ೨೦೦೮ರ ಅಧ್ಯಯನ. ಅವರು ಅಮೆರಿಕವನ್ನೂ ಆಫ್ರಿಕದ ಘಾನಾ ದೇಶವನ್ನೂ ಹೋಲಿಸಿ ನೋಡಿದರು. ಬಾಳಿನ ಮೇಲೆ ಚೆಲುವಿನ ಪ್ರಭಾವವು ಅಮೆರಿಕದಲ್ಲಿ ಹೆಚ್ಚಾಗಿಯೂ ಘಾನಾದಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. ಅವರು ಕೊಡುವ ಕಾರಣವು ಒಪ್ಪತಕ್ಕದ್ದಾಗಿದೆ. ಸ್ನೇಹವನ್ನೂ ಸಂಗಾತಿಯನ್ನೂ ವ್ಯಕ್ತಿಯು ಅಪರಿಚಿತರ ನಡುವಿನಿಂದ ತಾನೇ ಆರಿಸಿಕೊಳ್ಳಬೇಕಾದ ಕಡೆಗಳಲ್ಲಿ ಮೊದಲ ನೋಟಕ್ಕೆ ಬೆಲೆ ಹೆಚ್ಚು. ಬಂಧುತ್ವವೂ ನೆರೆಹೊರೆಯೂ ಮೊದಲೇ ಸಂಬಂಧಗಳನ್ನು ಹೆಣೆದಿರುವ ಕಡೆಗಳಲ್ಲಿ ಆ ನೋಟಕ್ಕೆ ಅಷ್ಟು ಕೆಲಸವಿಲ್ಲ.

ಈಗ ಮಿನೆಸೋಟದ ನೃತ್ಯಕೂಟಕ್ಕೆ ಹಿಂದಿರುಗಿ ನೋಡಿದರೆ ಅದರ ಸ್ವರೂಪವು ಸ್ಪಷ್ಟವಾಗುತ್ತದೆ. ಮನೆಯನ್ನೂ ಊರನ್ನೂ ಬಿಟ್ಟು ಆಗತಾನೆ ಬಂದ ಯುವಜನರು. ಒಬ್ಬರ ಕುಲಗೋತ್ರವನ್ನಾಗಲಿ ಪೂರ್ವಚರಿತ್ರೆಯನ್ನಾಗಲಿ ಇನ್ನೊಬ್ಬರು ಅರಿಯರು. ಒಂದು ಸಂಜೆಯಲ್ಲಿ ಮೆಚ್ಚಬೇಕು ಅಥವಾ ಬಿಡಬೇಕು. ಆಯ್ಕೆಯ ಸ್ವಾತಂತ್ರ್ಯವು ಅತಿ ಹೆಚ್ಚಾಗಿಯೂ ಆಯ್ಕೆಗೆ ಬೇಕಾದ ತಿಳಿವಳಿಕೆಯು ಅತಿ ಕಡಿಮೆಯಾಗಿಯೂ ಇರುವ ಸನ್ನಿವೇಶವಿದು. ಇಂಥ ಸನ್ನಿವೇಶವು ಮನುಷ್ಯಸ್ವಭಾವದಿಂದ ತಾನಾಗಿ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ವಿಶ್ವವಿದ್ಯಾಲಯಗಳು ವಿಸ್ತರಿಸಿದ ಬಗೆಯೂ, ಯುವಕ ಯುವತಿಯರ ಒಡನಾಟಕ್ಕೆ ಆ ಸಮಾಜವು ಕಟ್ಟಿಕೊಂಡಿದ್ದ ರೂಢಿಗಳೂ ಅದರ ಹಿಂದಿವೆ. ೧೯೬೬ರ ಫಲಿತಾಂಶವು ಸುಳ್ಳಲ್ಲ. ಆದರೆ ಅದರ ಮೇಲೆ ದಿನಾಂಕವೂ ಊರೂ ಬರೆದಿವೆ. ಪಠ್ಯಗ್ರಂಥಗಳು ಅವೆರಡನ್ನೂ ಒರಸಿ, ಉಳಿದುದನ್ನು ನಿಯಮವೆಂದು ಕಲಿಸಿದರೆ ದೋಷವು ಪ್ರಯೋಗದ್ದಲ್ಲ, ಓದಿನದು.

ಇಂದು ಅಪರಿಚಿತರ ನಡುವೆ ಬಾಳುವುದು ಹೆಚ್ಚು ಹೆಚ್ಚು ಜನರ ಪಾಲಿಗೆ ಬರುತ್ತಿದೆ. ಭಾವಚಿತ್ರವು ವ್ಯಕ್ತಿಗಿಂತ ಮುಂದಾಗಿ ಬಂದು ನಿಲ್ಲುತ್ತಿದೆ. ಆದುದರಿಂದ ಈ ಪ್ರಯೋಗಗಳ ವ್ಯಾಪ್ತಿಯು ಹುಟ್ಟಿದ ಕಾಲಕ್ಕಿಂತ ಈಗ ವಿಸ್ತಾರವಾಗಿರುವುದು ಸಾಧ್ಯ. ಹಾಗೆ ಆಗಿದ್ದರೆ ಅದೂ ಇತಿಹಾಸದ ಒಂದು ಸಂಗತಿಯೇ.

೬

ಈ ಸಂಶೋಧನೆಗಳಿಗೆ ಬಂದ ಪ್ರತಿಭಟನೆಯನ್ನು ಹೇಳದೆ ವಿಮರ್ಶೆಯು ಪೂರ್ಣವಾಗದು. ಬರ್ಶೈಡ್ ಮತ್ತು ಹ್ಯಾಟ್‌ಫೀಲ್ಡ್ ಅವರು ಚೆಲುವಿನಿಂದ ಮುಂದೆ ಸಾಗಿ ಪ್ರೇಮವನ್ನೇ ಅಧ್ಯಯನಕ್ಕೆ ಎತ್ತಿಕೊಂಡಿದ್ದರು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಅದಕ್ಕಾಗಿ ೮೪,೦೦೦ ಡಾಲರುಗಳ ಧನಸಹಾಯವನ್ನು ಕೊಟ್ಟಿತ್ತು. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಅವರು ೧೯೭೫ರ ಮಾರ್ಚಿಯಲ್ಲಿ, ಸಾರ್ವಜನಿಕ ಹಣದ ದುರ್ವ್ಯಯಕ್ಕೆಂದು ತಾವು ಆರಂಭಿಸಿದ 'ಗೋಲ್ಡನ್ ಫ್ಲೀಸ್' ಎಂಬ ಅಣಕದ ಪ್ರಶಸ್ತಿಯನ್ನು ಮೊಟ್ಟಮೊದಲು ಇದಕ್ಕೆ ಘೋಷಿಸಿದರು. ಹೊನ್ನಿನ ಉಣ್ಣೆ ಎಂಬ ಈ ಹೆಸರಿನಲ್ಲಿ, ಪ್ರಜೆಗಳ ತಲೆಯನ್ನು ಬೋಳಿಸುವುದೆಂಬ ಶ್ಲೇಷೆಯೂ ಅಡಗಿದೆ. ಗಂಡುಹೆಣ್ಣುಗಳು ಏಕೆ ಒಲಿಯುತ್ತಾರೆಂಬುದು ವಿಜ್ಞಾನಕ್ಕೆ ನಿಲುಕದ್ದೆಂದೂ, ನಿಲುಕಿದರೂ ಜನರಿಗೆ ಆ ರಹಸ್ಯವು ರಹಸ್ಯವಾಗಿಯೇ ಉಳಿಯಬೇಕೆಂಬ ಇಚ್ಛೆಯೆಂದೂ ಅವರ ವಾದ. ಪತ್ರಿಕಾಕರ್ತ ಜೇಮ್ಸ್ ರೆಸ್ಟನ್ ಅವರು ಸಂಶೋಧಕರ ಪಕ್ಷವನ್ನು ವಹಿಸಿದರು. ಪ್ರೇಮ, ವಿವಾಹ, ವಿಚ್ಛೇದನಗಳ ಮರ್ಮವು ಅಲ್ಪಸ್ವಲ್ಪವಾದರೂ ತಿಳಿದರೆ, ಜೆಫರ್ಸನ್ ಅವರು ಲೂಯಿಸಿಯಾನ ಪ್ರಾಂತವನ್ನು ಕೊಂಡ ತರುವಾಯ ಸರಕಾರದ ಹಣಕ್ಕೆ ಇಷ್ಟು ಒಳ್ಳೆಯ ವಿನಿಯೋಗವು ಬೇರೆ ಇರಲಾರದೆಂದು ಅವರು ಬರೆದರು.

ಸೆನೆಟರರ ಆಕ್ಷೇಪದಲ್ಲಿ ಎರಡು ಎಳೆಗಳಿವೆ. ಹಣದ ಲೆಕ್ಕವನ್ನು ಕೇಳುವುದು ಪ್ರಜಾಪ್ರತಿನಿಧಿಯ ಹಕ್ಕು; ಅದನ್ನು ಅಲ್ಲಗಳೆಯಲಾಗದು. ರಹಸ್ಯವನ್ನು ಕಾಪಾಡಬೇಕೆಂಬ ಎಳೆಯು ಮಾತ್ರ ವಿಚಾರಕ್ಕೆ ನಿಲ್ಲುವುದಿಲ್ಲ. ಈ ರಹಸ್ಯದಿಂದ ಲಾಭವಾಗುವುದು ಯಾರಿಗೆ? ಪ್ರಗತಿಪತ್ರದ ಮೇಲಿನ ಮುಖವನ್ನು ನೋಡಿ ಮಂದಮತಿಯೆಂದು ಬಗೆಯಲ್ಪಟ್ಟ ಮಗುವಿಗಂತೂ ಅಲ್ಲ. ಸಾಮಾಜಿಕ ಮನಶ್ಶಾಸ್ತ್ರಜ್ಞರು ಚೆಲುವಿನ ವಿಷಯವನ್ನು ಬಹುಕಾಲ ದೂರವಿಟ್ಟಿದ್ದಕ್ಕೆ ಎಲಿಯಟ್ ಅರಾನ್ಸನ್ ಅವರು ೧೯೬೯ರಲ್ಲಿ ಒಂದು ಕಾರಣವನ್ನು ಸೂಚಿಸಿದ್ದರು: ಸಮಾನತೆಯನ್ನು ನಂಬಿದವರಿಗೆ ರೂಪದ ಬಲವನ್ನು ಒಪ್ಪಿಕೊಳ್ಳುವುದು ಹಿತವಾಗಿ ತೋರುವುದಿಲ್ಲ. ಸೆನೆಟರರ ಹಿಂಜರಿಕೆಯೂ ಇದೇ ಬಗೆಯದೆಂದು ತೋರುತ್ತದೆ. ಅಹಿತವಾದುದನ್ನು ಅರಿಯದಿರುವುದರಿಂದ ಅದು ಇಲ್ಲವಾಗುವುದಿಲ್ಲ.

೭

ಹ್ಯಾಟ್‌ಫೀಲ್ಡ್ ಅವರು ೧೯೮೧ರಲ್ಲಿ ಹವಾಯಿ ವಿಶ್ವವಿದ್ಯಾಲಯವನ್ನು ಸೇರಿದರು. ಸೂಸನ್ ಸ್ಪ್ರೆಚರ್ ಅವರೊಡನೆ ಬರೆದ, ನಿತ್ಯಜೀವನದಲ್ಲಿ ರೂಪದ ಪಾತ್ರವನ್ನು ಕುರಿತ 'ಮಿರರ್, ಮಿರರ್' ಎಂಬ ಗ್ರಂಥವು ೧೯೮೬ರಲ್ಲಿ ಹೊರಬಂದಿತು. ಪ್ರೇಮೋದ್ವೇಗವನ್ನು ಅಳೆಯಲು ಇವರಿಬ್ಬರು ರಚಿಸಿದ ಪ್ರಶ್ನಾವ ಳಿಯೂ ಅದೇ ವರ್ಷದ್ದು. ಹವಾಯಿಯಲ್ಲಿ ಅವರ ಪತಿಯೂ ಸಹಲೇಖಕರೂ ಆದ ರಿಚರ್ಡ್ ರ್ಯಾಪ್ಸನ್ ಅವರು ಇತಿಹಾಸದ ಪ್ರಾಧ್ಯಾಪಕರು. ಪ್ರೇಮದ ಮನಶ್ಶಾಸ್ತ್ರವನ್ನೂ ಇತಿಹಾಸವನ್ನೂ ಒಟ್ಟಿಗೆ ಪರಿಶೀಲಿಸುವ ಗ್ರಂಥವನ್ನು ೧೯೯೩ರಲ್ಲಿಯೂ, ಬೇರೆ ಬೇರೆ ಸಂಸ್ಕೃತಿಗಳ ಪ್ರೇಮವನ್ನು ಹೋಲಿಸುವ ಗ್ರಂಥವನ್ನು ೧೯೯೬ರಲ್ಲಿಯೂ ಇವರಿಬ್ಬರು ಪ್ರಕಟಿಸಿದರು. ೧೯೭೫ರಲ್ಲಿ ಅಣಕದ ಪ್ರಶಸ್ತಿಗೆ ಗುರಿಯಾದ ಬರ್ಶೈಡ್ ಮತ್ತು ಹ್ಯಾಟ್‌ಫೀಲ್ಡ್ ಅವರಿಗೆ, ೨೦೧೨ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘವೊಂದು ವಿಲಿಯಂ ಜೇಮ್ಸ್ ಅವರ ಹೆಸರಿನ ಗೌರವವನ್ನು ಸಲ್ಲಿಸಿತು.

ಮೂವತ್ತು ವರ್ಷಗಳ ಈ ಪಯಣದ ದಿಕ್ಕು ಅರ್ಥಪೂರ್ಣವಾಗಿದೆ. ಒಂದು ಸಂಜೆಯ ಕೂಟದಿಂದ ಹೊರಟ ವಿಚಾರವು ಕೊನೆಗೆ ಶತಮಾನಗಳ ಮತ್ತು ಸಂಸ್ಕೃತಿಗಳ ಹೋಲಿಕೆಯನ್ನು ಬೇಡಿತು. ಪ್ರೇಮದ ವಿಷಯದಲ್ಲಿ ನಡೆದ ಈ ಕೂಡುಕೃಷಿಯು ಚೆಲುವಿನ ವಿಷಯದಲ್ಲಿಯೂ ಅಷ್ಟೇ ಶ್ರದ್ಧೆಯಿಂದ ನಡೆಯಬೇಕಾಗಿದೆ. ಅದಕ್ಕೆ ಬೇಕಾದ ಸಾಮಗ್ರಿಯು ಭಾವಚಿತ್ರಗಳಲ್ಲಿಯೂ ಪ್ರಶ್ನಾವಳಿಗಳಲ್ಲಿಯೂ ಮಾತ್ರ ಇಲ್ಲ. ಪ್ರಶಸ್ತಿಗಳಲ್ಲಿ, ಶಿಲ್ಪಗಳಲ್ಲಿ, ಪ್ರವಾಸಿಗಳ ಬರಹಗಳಲ್ಲಿ, ಆಡಳಿತದ ಕಡತಗಳಲ್ಲಿ ಹರಡಿಕೊಂಡಿದೆ. ಅದನ್ನು ಓದಬಲ್ಲವರು ಇತಿಹಾಸದ ವಿದ್ಯಾರ್ಥಿಗಳು. ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಮಾತ್ರ ಅವರು ಈ ಮನಶ್ಶಾಸ್ತ್ರಜ್ಞೆಯರಿಂದ ಕಲಿಯಬೇಕಾಗಿದೆ.

ಬೋಧಕವರ್ಗಕ್ಕೆ ಇದರಿಂದ ದೊರೆಯುವ ಪಾಠವು ಇನ್ನೂ ಹತ್ತಿರದ್ದು. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆಯನ್ನು ಬರೆಸುವ ಪದ್ಧತಿಯು ಪರೀಕ್ಷಾ ಕಚೇರಿಯ ಶಿಸ್ತಿಗಾಗಿ ಮಾತ್ರ ಇರುವುದೆಂದು ಭಾವಿಸುವವರುಂಟು. ಲ್ಯಾಂಡಿ ಮತ್ತು ಸಿಗಾಲ್ ಅವರ ಪ್ರಬಂಧಗಳನ್ನೂ ಮಿಸ್ಸೂರಿಯ ಪ್ರಗತಿಪತ್ರಗಳನ್ನೂ ನೆನೆದರೆ ಆ ಸಂಖ್ಯೆಯ ಬೆಲೆ ತಿಳಿಯುತ್ತದೆ. ಅದು ವಿದ್ಯಾರ್ಥಿಯನ್ನು ಪರೀಕ್ಷಕನ ಕಣ್ಣಿನಿಂದ ರಕ್ಷಿಸುತ್ತದೆ. ಪರೀಕ್ಷಕನನ್ನೂ ಅವನ ಕಣ್ಣಿನಿಂದಲೇ ರಕ್ಷಿಸುತ್ತದೆ. ಮೌಖಿಕ ಪರೀಕ್ಷೆಯಲ್ಲಿಯೂ ನೇಮಕದ ಸಂದರ್ಶನದಲ್ಲಿಯೂ ಅಂಥ ರಕ್ಷಣೆಯಿಲ್ಲ. ಅಲ್ಲಿ ಅಭ್ಯರ್ಥಿಯು ಎದುರಿಗೆ ಬಂದು ಕುಳಿತಾಗ, ಅವನು ಸಲೀಸಾಗಿ ಉತ್ತರ ಕೊಟ್ಟರೆ ಅದರಲ್ಲಿ ಅವನ ಪಾಲೆಷ್ಟು, ಅವನನ್ನು ಮಾತನಾಡಿಸಿದ ನಮ್ಮ ದನಿಯ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಅಂಕಗಳನ್ನು ಬರೆಯುವ ಮೊದಲು ಪರೀಕ್ಷಕನು ಮಾಡಬೇಕಾದ ಕೆಲಸ.